ಬಾವಿಕಟ್ಟೆಯ ಮೇಲೊಂದು ಎಲೆ

...ಅಥವಾ ಅದು ಸೀಮೆಎಣ್ಣೆ ಡಬ್ಬ ಅಲ್ಲವೋ ಏನೋ. ಬಿಸ್ಕತ್ತಿನ ಡಬ್ಬವೂ ಇರಬಹುದು. ನಡೆದದ್ದು ಈ ದಸರಾದಲ್ಲಿ, ಆಗಲೇ ನನ್ನ ತಲೆಯಲ್ಲಿ ಎರಡು ಡಬ್ಬಗಳಿವೆ. ಸದ್ದು ಮಾತ್ರ ಒಂದೇ. ಬೆಳಗಿನ ಕಾಫಿಗೆ ಮೊದಲೇ ಶುರು. ಢಣ್, ಢಣ್, ಢಣ್. ನಡುವೆ ಒಂದು ಗಂಟಲು: "ಹೋಯ್! ಹಾ! ಹೋಯ್!"

ಮೊನ್ನೆ ಕಂಡದ್ದೇ ಹೀಗೆ ಕಲಸಿಹೋಗುತ್ತದೆ. ಚಿಕ್ಕಂದಿನ ದಿನಗಳನ್ನು ಅಂಗಿಯ ಗುಂಡಿ ಸಮೇತ ನೆನಪಿಸಿಕೊಂಡು ಪುಟಗಟ್ಟಲೆ ಬರೆಯುವವರಿದ್ದಾರಲ್ಲ, ಅವರಿಗೆ ಅದೆಲ್ಲಿಯ ಧೈರ್ಯ? (ಇರಲಿ. ಅದು ಬೇರೆ ಜಗಳ.) ಈ ವಾರದ ಅಂಕಣಕ್ಕೆ ಬರೆಯಲು ಕೂತದ್ದು ಒಬ್ಬ ನೆರೆಯವರ ಕಾಟದ ಬಗ್ಗೆ. ಕಾಟ ಅಂತಲೇ ಅದು ಶುರುವಾಯಿತು.

ನಮ್ಮ ವಠಾರ ಬನ್ನಿಮಂಟಪದ ಕಡೆಗಿದೆ. ಸುತ್ತ ಮನೆಗಳು, ನಡುವೆ ಅಂಗಳ, ಅಂಗಳದಲ್ಲಿ ಬಾವಿ. ಬಾವಿ ಎಲ್ಲರದು. ಬಟ್ಟೆ ಹರವುವ ತಂತಿ ಎಲ್ಲರದು. ಅಂಗಳದ ಕಸ ಮಾತ್ರ ಯಾರದೂ ಅಲ್ಲ.

ಕೊನೆಯ ಮನೆಯಲ್ಲಿ ಪುಟ್ಟೇಗೌಡರು. ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ವ್ಯಾಪಾರ. ಹೆಂಡತಿ ಚಿಕ್ಕತಾಯಮ್ಮ. ಹುಟ್ಟಿದ ಮಕ್ಕಳು ಉಳಿದಿಲ್ಲ. ಹಬ್ಬ ಬಂತೆಂದರೆ ಗೌಡರು ಮನೆಮನೆಗೂ ಚಿಗುರೆಲೆ ಕೊಟ್ಟುಹೋಗುತ್ತಾರೆ, ಕಾಸು ಕೊಡಹೋದರೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅವರು ದನಿ ಎತ್ತಿದ್ದನ್ನು ನಾವು ಕೇಳಿಯೇ ಇರಲಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಅವರು ಬಾವಿಕಟ್ಟೆಯ ಮೇಲೆ ಬಾಳೆಲೆ ಹಾಸಿ ಎಡೆ ಇಟ್ಟರು. ಅನ್ನ, ಹುರುಳಿಕಾಳು ಸಾರು, ವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅದೇನೂ ಹೊಸದಲ್ಲ. ಆ ದಿನ ತೀರಿಕೊಂಡವರಿಗೆ ಎಡೆ ಇಡುತ್ತಾರೆ, ಇಟ್ಟವರು ದೂರ ಸರಿದು ಕಾಗೆಗೆ ಕಾಯುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ಸಂದಿತು ಅಂತ.

ಪುಟ್ಟೇಗೌಡರು ದೂರ ಸರಿಯಲಿಲ್ಲ. ಎಲೆಯ ಪಕ್ಕದಲ್ಲೇ ಡಬ್ಬ ಹಿಡಿದು ಕೂತರು. ಕಾಗೆ ಬಂದಾಗೆಲ್ಲ ಬಾರಿಸಿದರು. ಅದಕ್ಕೂ ಹೆದರದಿದ್ದಾಗ ಕಲ್ಲು ಬೀರಿದರು.

ಮಾರನೆಯ ದಿನ ಮತ್ತೆ ಹೊಸ ಎಲೆ, ಹೊಸ ಅನ್ನ, ಅದೇ ಡಬ್ಬ. ಅದರ ಮಾರನೆಯ ದಿನವೂ.

ಅನ್ನ ಇಟ್ಟು ಕರೆಯುವವರೂ ಅವರೇ, ಕಲ್ಲು ಹೊಡೆದು ಓಡಿಸುವವರೂ ಅವರೇ. ಕಾಗೆಗಳಿಗೂ ತಲೆ ಕೆಟ್ಟಿರಬೇಕು.

ಮೈಸೂರಿನಲ್ಲಿ ಮನೆ ಮಾಡಿದವರಿಗೆ ದಸರಾ ಅಂದರೇನು? ಆನೆಯಲ್ಲ, ದೀಪವಲ್ಲ, ನೆಂಟರು. ಮೊದಲನೆಯ ಮನೆಯ ಸಾವಿತ್ರಮ್ಮನವರು ಈಚೆಗಷ್ಟೇ ಮಗಳ ಮದುವೆ ಮಾಡಿದ್ದರು. ಹೊಸ ಬೀಗರು ಮೊದಲ ಸಲ ಬರುವವರಿದ್ದರು. ಅಂಗಳದಲ್ಲಿ ನೋಡಿದರೆ ಹಳಸಿದ ಅನ್ನ, ಇರುವೆಯ ಸಾಲು, ತಂತಿಯ ಮೇಲಿನ ಸೀರೆಗೆ ಕಾಗೆಯ ಹಿಕ್ಕೆ, ಕಲ್ಲಿಗೆ ಒಡೆದ ಹೆಂಚು.

"ಏನ್ರೀ, ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀರಿ," ಅಂದರು ಸಾವಿತ್ರಮ್ಮ. "ನಮ್ಮ ಅಂಗಳಕ್ಕೂ ಸ್ವಲ್ಪ ಹೇಳಬಾರದೆ?"

"ನೀವೇ ಹೇಳಿದ್ರಂತಲ್ಲ?"

"ಹೇಳ್ದೆ. 'ಆಗ್ಲಿ ಕಣಮ್ಮ' ಅಂದ್ರು. ಅಂದು ಮತ್ತೆ ಢಣ್ ಅನ್ನಿಸಿದ್ರು. ಅರಮನೆ ಬ್ಯಾಂಡು ನಿಮ್ಮ ವಠಾರದಲ್ಲೇ ಪ್ರಾಕ್ಟೀಸು ಮಾಡುತ್ತಾ ಅಂತ ಬೀಗರು ಕೇಳಿದ್ರೆ ನಾನೇನು ಹೇಳಲಿ?"

ಮುನಿಸಿಪಾಲಿಟಿಗೆ ದೂರು ಕೊಡೋಣ ಅಂದರು ಒಬ್ಬರು. ಮನೆ ಮಾಲೀಕರಿಗೆ ಹೇಳಿ ಖಾಲಿ ಮಾಡಿಸೋಣ ಅಂದರು ಇನ್ನೊಬ್ಬರು. ಕೊನೆಗೆ ನನ್ನನ್ನೇ ಡೆಪ್ಯುಟೇಶನ್ ಕಳಿಸಿದರು. (ಬರೆಯುವವನಿಗೆ ಮಾತೂ ಬರುತ್ತದೆ ಅಂತ ಜನ ಯಾಕೆ ನಂಬುತ್ತಾರೋ!)

ಗೌಡರ ಜಗಲಿಯ ಮೇಲೆ ಕೂತು, ಸುತ್ತಿ ಬಳಸಿ, ಕಡೆಗೆ ಹೇಳಿದೆ: "ಗೌಡ್ರೇ, ಇಟ್ಟಿದ್ದನ್ನ ಕಾಗೆ ತಿಂದುಕೊಳ್ಳಲಿ ಬಿಡಿ. ಒಂದೇ ದಿನಕ್ಕೆ ಮುಗಿದುಹೋಗುತ್ತೆ."

"ಅದಕ್ಕೇ ಕಣ್ರೀ ಬುಡ್ತಾ ಇಲ್ಲ," ಅಂದರು. "ಮುಗ್ದೋಗುತ್ತೆ."

ಆಮೇಲೆ ಹೇಳಿದರು. ಎಡೆ ಇಟ್ಟದ್ದು ತಮ್ಮನಿಗೆ. ನಿಂಗ ಅಂತ ಹೆಸರು. ಯುದ್ಧಕಾಲದಲ್ಲಿ ಪಲ್ಟನ್ ಸೇರಿ ಬರ್ಮಾ ಕಡೆ ಹೋದವನು. ಹೋದವನು ಹೋದ.

"ಪಲ್ಟನ್ನೋರು ಸತ್ತ ಅಂತ್ಲೂ ಯೋಳ್ಲಿಲ್ಲ ಸ್ವಾಮಿ, ಬದುಕವ್ನೆ ಅಂತ್ಲೂ ಯೋಳ್ಲಿಲ್ಲ. ಅಮಾಸೆಗೆ ಮುಂಚೆ ಊರಿಂದ ದೊಡ್ಡಪ್ಪ ಬಂದಿದ್ದ. ಅನ್ನೆರಡು ವರ್ಷ ಕಳೀತಲ್ಲ, ಇನ್ನು ಅವ್ನು ಸತ್ತೋರ ಜೊತೆ ಅಂದ. ಕೂಳಿಲ್ದೆ ಅಲೀತಾವ್ನೆ, ಅದಕ್ಕೇ ನಿನ್ ಮನೇಲಿ ಮಗ ನಿಲ್ತಾ ಇಲ್ಲ ಅಂದ. ಎಡೆ ಇಡು, ಕಾಗೆ ಮುಟ್ಟೋಗಂಟ ದಿನಾ ಇಡು ಅಂದ."

ಗೌಡರು ಡಬ್ಬವನ್ನು ಕಾಲಿನ ಹತ್ತಿರ ಎಳೆದುಕೊಂಡರು.

"ಇಡು ಅಂದ್ರು, ಇಟ್ಟೆ. ದೊಡ್ಡೋರ ಮಾತು ಮೀರಿಲ್ಲ. ಮುಟ್ಟಿಸು ಅಂದ್ರೆ ಎಂಗೆ? ಎತ್ತಿ ಆಡಿಸಿದ ಕೈ ಕಣ್ರೀ ಇದು. ಕಾಗೆ ಮುಟ್ಬುಟ್ರೆ ನಮ್ ನಿಂಗನ್ನ ನಾನೇ ಸಾಯ್ಸಿದಂಗಲ್ವಾ?"

ಬಾಗಿಲಲ್ಲಿ ಚಿಕ್ಕತಾಯಮ್ಮ ನಿಂತಿದ್ದರು. ಮತ್ತೆ ಬಸುರಿ. ಗಂಡನ ಕಡೆ ನೋಡದೆ ನನಗೆ ಹೇಳಿದರು:

"ನೀವಾದ್ರೂ ಯೋಳಿ ಸ್ವಾಮಿ. ಅವ್ನೋ ಇಲ್ವೋ ಗೊತ್ತಿಲ್ದಿರೋ ಮೈದುನಂಗೋಸ್ಕರ ಒಟ್ಟೇಲಿರೋದನ್ನೂ ಕಳ್ಕೊಳ್ಳಾನಾ?"

ನಾನು ಎದ್ದು ಬಂದೆ.

ಕಾಯುತ್ತಿದ್ದವರಿಗೆ ಸಂಗತಿ ತಿಳಿಸಿದೆ. ಎಲ್ಲರೂ ಸುಮ್ಮನಾದರು. (ನಿಜವಾಗಿಯೂ ಸುಮ್ಮನಾದರೇ? ಬರೆಯುವಾಗ ಇಂಥ ಕಡೆ ಒಂದು ಮೌನ ತಾನೇ ಬಂದು ಕೂತುಬಿಡುತ್ತದೆ.) ಸಾವಿತ್ರಮ್ಮ "ಅಯ್ಯೋ ಪಾಪ" ಅಂದರು. ಆಮೇಲೆ "ಬೀಗರು ಆಯುಧಪೂಜೆ ದಿನ ಬರ್ತಾರೆ" ಅಂದರು. ಎರಡನ್ನೂ ಮನಸಾರೆ ಅಂದರು.

ಇದಕ್ಕೇನು ಮಾಡುತ್ತೀರಿ? ಅಂಗಳ ನಮ್ಮೆಲ್ಲರದು, ಸರಿ. ಕಸ ಹಾಕಬಾರದು, ಕಲ್ಲು ಬೀರಬಾರದು, ಸರಿ. ಇವನ್ನೆಲ್ಲ ನಾನೇ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ಒಬ್ಬ ಅಣ್ಣ ತಮ್ಮನನ್ನು ಬದುಕಿಸಿಟ್ಟುಕೊಳ್ಳಲು ಅಂಗಳದಲ್ಲಿ ಎಷ್ಟು ಸದ್ದು ಮಾಡಬಹುದು? ಅದಕ್ಕೆ ಯಾವ ಮುನಿಸಿಪಾಲಿಟಿಯ ಬೈಲಾ ಇದೆ?

ನಡೆಯಿತು ಹಾಗೆಯೇ. ಹೆಂಗಸರು ಬಟ್ಟೆಯನ್ನು ಒಳಗೇ ಹರವಿದರು. ನಾನು ಕಿವಿಗೆ ಹತ್ತಿ ಇಟ್ಟುಕೊಂಡೆ.

ಆಯುಧಪೂಜೆಯ ದಿನ ಪುಟ್ಟೇಗೌಡರಿಗೆ ಜ್ವರ. ಆದರೂ ಬಂದು ಎಲೆ ಹಾಸಿ ಎಡೆ ಇಟ್ಟರು. ಕೂರಲಾಗಲಿಲ್ಲ. ಡಬ್ಬ ಕೈಯಿಂದ ಜಾರಿ ಉರುಳಿತು. ಚಿಕ್ಕತಾಯಮ್ಮ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಎಲೆ ಬಾವಿಕಟ್ಟೆಯ ಮೇಲೆ ಒಂಟಿಯಾಗಿ ಉಳಿಯಿತು.

ನಾನು ನನ್ನ ಜಗಲಿಯ ಮೇಲಿದ್ದೆ. ಇಲ್ಲಿಂದ ಮುಂದೆ ನನ್ನನ್ನು ನಂಬಬೇಡಿ.

ಸಾವಿತ್ರಮ್ಮ ಹೊರಗೆ ಬಂದು, ಸೆರಗು ಸಿಕ್ಕಿಸಿ, ಬಿದ್ದಿದ್ದ ಡಬ್ಬ ಎತ್ತಿಕೊಂಡು ಬಾರಿಸಿದ್ದು ನನಗೆ ನೆನಪಿದೆ. "ಹುಶ್! ಹುಶ್!" ಅಂದದ್ದೂ ನೆನಪಿದೆ. ಎಷ್ಟು ಚೆನ್ನಾಗಿ ನೆನಪಿದೆ ಅಂದರೆ, ಅದಕ್ಕೇ ಅನುಮಾನ. ಹಾಗೆ ಆಗಿದ್ದರೆ ಎಷ್ಟು ಚಂದವಿತ್ತು! ಈಚೆಗೆ ಅವರನ್ನೇ ಕೇಳಿದೆ. "ನಾನಾ?" ಅಂದರು. "ಬೀಗರು ಬರೋ ದಿನ ನನಗೆ ಬೇರೆ ಕೆಲಸ ಇರಲಿಲ್ವೇನ್ರೀ?"

ಎಲೆಯ ಮೇಲೆ ಕಪ್ಪು ರೆಕ್ಕೆ ಬಡಿದದ್ದೂ ನೆನಪಿದೆ. ಅದು ಆ ದಿನದ್ದೇ? ಹಿಂದಿನ ಯಾವುದೋ ಬೆಳಗಿನದೇ?

ಚಿಕ್ಕತಾಯಮ್ಮ ಬಿಂದಿಗೆ ಹಿಡಿದು ಬಾವಿಯ ಹತ್ತಿರ ಬಂದರು. ನೀರು ಸೇದಿದರೇ? ತಿಳಿಯದು. ನಾನು ಕಾಫಿಗೆ ಒಳಗೆ ಹೋದೆ.

ತಿರುಗಿ ಬರುವ ಹೊತ್ತಿಗೆ ಎಲೆ ಖಾಲಿ. ಒಂದು ಅಗುಳಿಲ್ಲ. ಬೀಡಿಯ ಕಟ್ಟು ಕಟ್ಟೆಯ ಬುಡದಲ್ಲಿ ಬಿದ್ದಿತ್ತು. ಕೊಕ್ಕು ತಗುಲಿದರೂ ಬೀಳುತ್ತದೆ, ಕೈ ತಗುಲಿದರೂ ಬೀಳುತ್ತದೆ.

ಸಂಜೆ ಪುಟ್ಟೇಗೌಡರು ಕಂಬಳಿ ಹೊದ್ದು ಹೊರಗೆ ಬಂದರು. ಎಲೆಯ ಮುಂದೆ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ಸ್ವಾಮಿ, ನೀವು ಇಲ್ಲೇ ಇದ್ರಲ್ಲ. ಕಾಗೆ ಮುಟ್ತಾ?"

ಅವರ ಹಿಂದೆ ಚಿಕ್ಕತಾಯಮ್ಮ, ಒಂದು ಕೈ ಹೊಟ್ಟೆಯ ಮೇಲೆ, ನನ್ನ ಬಾಯನ್ನೇ ನೋಡುತ್ತಿದ್ದರು. ಗಂಡನಿಗೆ ಬೇಕಾದ ಉತ್ತರ ಒಂದು, ಹೆಂಡತಿಗೆ ಬೇಕಾದದ್ದು ಇನ್ನೊಂದು. ಒಂದು ಜೀವವನ್ನು ಬದುಕಿಸಿದರೆ ಇನ್ನೊಂದಕ್ಕೆ ಕುತ್ತು.

"ನಾನು ನೋಡಲಿಲ್ಲ ಗೌಡ್ರೇ," ಅಂದೆ.

"ಓಗ್ಲಿ ಬುಡಿ," ಅಂದರು.

ಊಟದ ಎಲೆಯನ್ನು ಒಂದು ಕಡೆಗೆ ಮಡಿಸುತ್ತಾರೆ, ಸಾವಿನ ಮನೆಯ ಎಲೆಯನ್ನು ಇನ್ನೊಂದು ಕಡೆಗೆ. ಗೌಡರು ಎಲೆಯ ಅಂಚು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಮಡಿಸಲಿಲ್ಲ. ಹಾಸಿದ್ದಂತೆಯೇ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ದಿನ ಎಲೆಯಿಲ್ಲ, ಡಬ್ಬವಿಲ್ಲ. ಬೀಗರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು "ನಿಮ್ಮ ವಠಾರ ಎಷ್ಟು ಕ್ಲೀನು, ಎಷ್ಟು ಶಾಂತ!" ಎಂದು ಹೊಗಳಿದರು. ಸಾವಿತ್ರಮ್ಮ ಬಾವಿಕಟ್ಟೆಯ ಕಡೆ ಒಮ್ಮೆ ನೋಡಿ ಕಾಫಿ ತರಲು ಒಳಗೆ ಹೋದರು. ಪಂಜಿನ ಕವಾಯತು ನೋಡಲು ಹೊರಟವರ ಗದ್ದಲ ಬೀದಿಯಲ್ಲಿ ಹರಿದುಹೋಯಿತು. ಗೌಡರ ಮನೆಯ ಬಾಗಿಲು ಮುಚ್ಚಿಯೇ ಇತ್ತು.

ಈಗ ಅವರು ಮೊದಲಿನಂತೆ ಮಾರ್ಕೆಟ್ಟಿಗೆ ಹೋಗುತ್ತಾರೆ. ಚಿಕ್ಕತಾಯಮ್ಮ ಬಾವಿಯ ಹತ್ತಿರ ಹೆಂಗಸರ ಜೊತೆ ಒಂದೆರಡು ಮಾತಾಡುತ್ತಾರೆ. ಗಂಡ ಹೆಂಡತಿ ತಮ್ಮೊಳಗೆ ಮಾತಾಡಿದ್ದು ಗೋಡೆಯ ಈಚೆಗೆ ಕೇಳಿಸುವುದಿಲ್ಲ. ಕಾಗೆಗಳು ಬೆಳಿಗ್ಗೆ ಅದೇ ಹೊತ್ತಿಗೆ ಬಂದು ಹೆಂಚಿನ ಮೇಲೆ ಕೂರುತ್ತವೆ. ಗೌಡರು ತಲೆಯೆತ್ತದೆ ಕೆಳಗಿನಿಂದ ಹಾದುಹೋಗುತ್ತಾರೆ. ಇಷ್ಟು ಶಾಂತಿಯನ್ನು ನಾವು ಕೇಳಿದ್ದೆವೇ?

ಎಲೆಯ ಮೇಲಿನ ಅನ್ನ ಯಾರು ತೆಗೆದರೋ ನನಗೆ ಗೊತ್ತಿಲ್ಲ.