ಡಬ್ಬಿಯೋ, ಕಂಪ್ಯೂಟರೋ?

ಅಂಗಡಿಯವರು ಎರಡು ವಸ್ತು ಎದುರಿಗಿಟ್ಟು ಯಾವುದು ಬೇಕು ಎಂದರೆ, ಮೂರನೆಯದು ಇದೆಯಾ ಎಂದು ಕೇಳುವ ಪೈಕಿ ನಾನು. ಮೂರನೆಯದನ್ನೂ ತಂದಿಟ್ಟರೆ, ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ ಎಂದು ಚಪ್ಪಲಿ ಮೆಟ್ಟುತ್ತೇನೆ. ನನ್ನ ಹೆಂಡತಿ ಶಾರದೆಯ ಪ್ರಕಾರ, ಅವಳಿಗೊಬ್ಬಳು ತಂಗಿ ಇದ್ದಿದ್ದರೆ ನಮ್ಮ ಮದುವೆ ಇಷ್ಟು ಹೊತ್ತಿಗೂ ಆಗುತ್ತಿರಲಿಲ್ಲವಂತೆ. ಇರಬಹುದು. ಈ ಬಗ್ಗೆಯೂ ನಾನು ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.

ನನ್ನ ಕಸುಬು ಕೂಡ ಇದಕ್ಕೆ ಕಾರಣ. ಕೊಪ್ಪದ ತಾಲ್ಲೂಕು ಕಚೇರಿ ಎದುರು ಕೂತು ಕ್ರಯಪತ್ರ, ಪಾಲುಪತ್ರ ಬರೆಯುವವನು ನಾನು. ನಮ್ಮ ಬರವಣಿಗೆಯ ಜೀವ ಇರುವುದು ಚಕ್ಕುಬಂದಿಯಲ್ಲಿ. ಅಂದರೆ ಜಾಗದ ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೇನು, ದಕ್ಷಿಣಕ್ಕೇನು ಎಂದು ನಾಲ್ಕೂ ದಿಕ್ಕು ಕಟ್ಟಿಹಾಕುವುದು. ಅದೊಂದು ತಪ್ಪಿದರೆ ಅಣ್ಣತಮ್ಮಂದಿರು ಮೊಮ್ಮಕ್ಕಳ ಕಾಲದವರೆಗೂ ಕೋರ್ಟಿಗೆ ಅಲೆಯುತ್ತಾರೆ. ಸುತ್ತಲ ಊರುಗಳ ಯಾವ ಗದ್ದೆಯ ಬದು ಯಾರದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು ಎಂಬ ಜಂಬ ನನಗಿತ್ತು. ಇತ್ತು ಎಂದೆ, ಗಮನಿಸಿ.

ಮನೆ ಮೇಲೊಂದು ತಟ್ಟೆ ಕೂರಿಸಿ, ಟಿ.ವಿ. ಪಕ್ಕ ಒಂದು ಡಬ್ಬಿ ಇಟ್ಟರೆ ನೂರೆಂಟು ಚಾನೆಲ್ ಬರುತ್ತದೆ ಎಂಬ ಸುದ್ದಿ ನಮ್ಮ ಕಡೆಗೆ ಹೊಸದಾಗಿ ಬಂದ ಕಾಲ ಅದು. ನಮ್ಮ ಟಿ.ವಿ.ಗೆ ಇದ್ದದ್ದು ಹಳೆಯ ಆಂಟೆನಾ. ಗಾಳಿ ಬೀಸಿದರೆ ವಾರ್ತೆ ಓದುವವರಿಗೆ ಎರಡು ತಲೆ ಬರುತ್ತಿತ್ತು. ಕೇಬಲ್ಲಿನವರ ತಂತಿ ಎದುರು ಮನೆಯ ಪದ್ದಕ್ಕನವರೆಗೆ ಬಂದು ನಿಂತಿತ್ತು, ರಸ್ತೆ ದಾಟಿರಲಿಲ್ಲ. ಹಾಗಾಗಿ ನನ್ನ ಅಮ್ಮ ದಾಟುತ್ತಿದ್ದಳು. ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಸೆರಗು ಸರಿಮಾಡಿಕೊಂಡು ಧಾರಾವಾಹಿಗೆ ಹೊರಟರೆ ಊಟದ ಹೊತ್ತಿಗೇ ವಾಪಸು. ಪದ್ದಕ್ಕನ ಮಗ, ಸೊಸೆ ಬಸ್ ಸ್ಟ್ಯಾಂಡಿನ ದಿನಸಿ ಅಂಗಡಿ ಮುಚ್ಚಿ ಬರುವವರೆಗೆ ಆ ಮನೆಯಲ್ಲಿ ಈ ಇಬ್ಬರದೇ ರಾಜ್ಯ. ಪದ್ದಕ್ಕನಿಗೆ ಕಿವಿ ಪೂರ್ತಿ ಮಂದ. ಧಾರಾವಾಹಿಯವರು ಆಡಿದ್ದನ್ನು ಅಮ್ಮ ಅವಳ ಕಿವಿಯಲ್ಲಿ ಕೂಗಿ ಹೇಳುತ್ತಿದ್ದದ್ದು ನಮ್ಮ ಜಗಲಿಗೂ ಕೇಳುತ್ತಿತ್ತು. ಹೆಚ್ಚಿನ ದಿನ ಒಂದೇ ಮಾತು: ತಪ್ಪಾಯ್ತು ಅಕ್ಕ, ಸಿಟ್ಟು ಬಿಡು ಅಕ್ಕ. ಈ ಧಾರಾವಾಹಿಯವರಿಗೆ ಬೇರೆ ಕೆಲಸ ಇಲ್ಲವೇ ಎಂದು ನಾನು ಬೈದುಕೊಂಡದ್ದುಂಟು.

ನನ್ನ ಅಮ್ಮ ದಿನಾ ಟಿ.ವಿ.ಗಾಗಿ ಇನ್ನೊಬ್ಬರ ಮನೆ ಹೊಸ್ತಿಲು ತುಳಿಯುವುದು ನನಗೆ ಮರ್ಯಾದೆಯ ಪ್ರಶ್ನೆಯಾಯಿತು. ಡಬ್ಬಿ ತಂದೇ ಬಿಡುತ್ತೇನೆ ಎಂದೆ. ಅಷ್ಟರಲ್ಲಿ ನರಸಿಂಹರಾಜಪುರದಿಂದ ಬಂದ ಶಾರದೆಯ ತಮ್ಮ, ಡಬ್ಬಿ ಎಂತಕ್ಕೆ ಭಾವ, ಒಂದು ಕಂಪ್ಯೂಟರ್ ತಗೊಂಡು ಅದಕ್ಕೆ ಟಿ.ವಿ. ಕಾರ್ಡ್ ಹಾಕಿಸಿದರೆ ಅದೂ ಆಯಿತು ಇದೂ ಆಯಿತು, ಪತ್ರವನ್ನೂ ಅದರಲ್ಲೇ ಹೊಡೆಯಬಹುದು ಎಂದುಬಿಟ್ಟ. ನನ್ನ ನೆಮ್ಮದಿ ಅಂದಿಗೆ ಮುಗಿಯಿತು. ನನ್ನ ಪಕ್ಕದ ಮೇಜಿನವನು ಆಗಲೇ ಕಂಪ್ಯೂಟರ್ ತಂದು, ನನ್ನ ಮುತ್ತು ಪೋಣಿಸಿದಂಥ ಅಕ್ಷರವನ್ನು ಕನಿಕರದಿಂದ ನೋಡತೊಡಗಿದ್ದ.

ಬಿಳಿ ಹಾಳೆ ತೆಗೆದು ಚಕ್ಕುಬಂದಿ ಬರೆದೆ. ಡಬ್ಬಿಗೆ ಪೂರ್ವಕ್ಕೆ ಅಗ್ಗ, ಪಶ್ಚಿಮಕ್ಕೆ ಮಳೆ ಬಂದರೆ ಚಿತ್ರ ಹೋಗುವ ಭಯ. ಕಂಪ್ಯೂಟರಿಗೆ ಉತ್ತರಕ್ಕೆ ಕಚೇರಿ ಕೆಲಸ, ದಕ್ಷಿಣಕ್ಕೆ ಕೊಪ್ಪದ ಕರೆಂಟು. ಸಿಕ್ಕಸಿಕ್ಕವರನ್ನು ಕೇಳಿದೆ. ಶೆಟ್ಟಿಕೊಪ್ಪದಿಂದ ಪಾಲುಪತ್ರಕ್ಕೆ ಬಂದಿದ್ದ ಮೂವರು ಅಣ್ಣತಮ್ಮಂದಿರು ಆಸ್ತಿಯ ವಿಷಯದಲ್ಲಿ ಒಪ್ಪಿಗೆಯಾಗಿದ್ದವರು, ನನ್ನ ಪ್ರಶ್ನೆಯ ಮೇಲೆ ಜಗಳವಾಡಿಕೊಂಡು ಪತ್ರ ಮಾಡಿಸದೆಯೇ ಬಸ್ಸು ಹತ್ತಿದರು. ಕೇಳದೆ ಉಳಿದವಳು ಅಮ್ಮ ಒಬ್ಬಳೇ. ಶಾರದೆ ನೆನಪಿಸಿದ ಮೇಲೆ ಅವಳನ್ನೂ ಕೇಳಿದೆ. "ನಂಗೆ ಎರಡೂ ಬ್ಯಾಡ ಮಾರಾಯ" ಎಂದಳು. ಮಗನಿಗೆ ಹೊರೆಯಾಗಬಾರದು ಎಂಬ ದಾಕ್ಷಿಣ್ಯ ಎಂದುಕೊಂಡು ನಾನೇ ಕರಗಿಹೋದೆ.

ನನ್ನ ಕಾಟ ತಡೆಯಲಾರದೆ ಅಂಗಡಿಯವರು, ಒಂದು ವಾರ ಡಬ್ಬಿ ಇಟ್ಟುಕೊಂಡು ನೋಡಿ, ಬೇಡವೆಂದರೆ ವಾಪಸ್ಸು ಕೊಡಿ ಎಂದು ಜನ ಕಳಿಸಿ ತಟ್ಟೆ ಕೂರಿಸಿದರು. ಸಂಜೆ ಅಮ್ಮನನ್ನು ಎದುರು ಮನೆಗೆ ಹೋಗಗೊಡದೆ, ಮೆತ್ತೆ ಹಾಕಿ, ಟಿ.ವಿ.ಯಿಂದ ಎರಡು ಮಾರು ದೂರದಲ್ಲಿ ಕೂರಿಸಿದೆ. ಚಿತ್ರ ಏನು ಕೇಳುತ್ತೀರಿ, ನಾಯಕಿಯ ಮೂಗುತಿಯ ಹರಳು ಎಣಿಸಬಹುದಿತ್ತು. ಆದರೆ ತಂತಿ ಜೋಡಿಸಿದವರು ಅವಸರದಲ್ಲಿ ಸದ್ದಿನ ವೈರು ಸಿಕ್ಕಿಸದೆ ಹೋಗಿದ್ದರು. ನಾಯಕಿ ಬಾಯಿ ತೆರೆಯುತ್ತಾಳೆ, ಮಾತಿಲ್ಲ. ನಾನು ಎದ್ದು ಡಬ್ಬಿಯ ಹಿಂದೆ ತಡಕಾಡುತ್ತಿದ್ದೆ. ಮೊರದಗಲದ ಮುಖವೊಂದು ಪರದೆ ತುಂಬ ಅಳುತ್ತಿತ್ತು. ಅಮ್ಮ ಅದನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ ಕೇಳಿದಳು:

"ಇನ್ನೂ ಶುರು ಆಗ್ಲಿಲ್ವನ?"

ವೈರು ಬಿಟ್ಟು ಈಚೆ ಬಂದೆ. ತಮಾಷೆ ಮಾಡುತ್ತಿದ್ದಾಳೆಯೇ ಎಂದು ಮುಖ ನೋಡಿದೆ. ಇಲ್ಲ. ಕರೆಂಟಿಗೆ ಕಾಯುವವರ ಹಾಗೆ ತಾಳ್ಮೆಯಿಂದ ಕೂತಿದ್ದಳು. ಅವಳೆದುರು ಕೈ ಎತ್ತಿ ಹಿಡಿದೆ. ಕೈ ಬೆರಳು ಎಷ್ಟು ಹೇಳು ಅಮ್ಮ ಎಂದು ಮಗುವನ್ನು ಕೇಳುವಂತೆ ಕೇಳಿದೆ. ಅವಳು ಸೆರಗಿನಿಂದ ಕಣ್ಣೊರಸಿಕೊಂಡು, ಎರಡು ವರ್ಷ ಆಯಿತು, ಹತ್ತಿರದ್ದು ಅಷ್ಟಿಷ್ಟು, ದೂರದ್ದೆಲ್ಲ ಮಂಜು ಮುಸುಕಿದ ಹಾಗೆ ಎಂದಳು. ಎರಡು ವರ್ಷ. ಒಂದೇ ಸೂರಿನ ಕೆಳಗೆ, ಎದುರುಬದುರು ಕೂತು ಉಂಡಿದ್ದೇವೆ.

ಹಾಗಾದರೆ ಪದ್ದಕ್ಕನ ಮನೆಯಲ್ಲಿ ಏನು ನೋಡುತ್ತಿದ್ದೆ ಎಂದು ಕೇಳಿದೆ. ಆಗ ಗೊತ್ತಾಯಿತು ಅವರ ಏರ್ಪಾಡು. ಪದ್ದಕ್ಕ ನೋಡುವವಳು, ಅಮ್ಮ ಕೇಳುವವಳು. ಪರದೆಯಲ್ಲಿ ಏನಾಗುತ್ತಿದೆ ಎಂದು ಪದ್ದಕ್ಕ ಹೇಳಬೇಕು, ಏನಾಡಿದರು ಎಂದು ಅಮ್ಮ ಕೂಗಬೇಕು. ಇಬ್ಬರೂ ಸೇರಿ ಒಂದು ಧಾರಾವಾಹಿ. ನಾನು ಈ ಜೋಡೆತ್ತಿನಲ್ಲಿ ಒಂದನ್ನು ಬಿಚ್ಚಿ ತಂದು ಮೆತ್ತೆಯ ಮೇಲೆ ಕಟ್ಟಿಹಾಕಿದ್ದೆ.

"ಹೇಳಬಾರದಿತ್ತಾ ಅಮ್ಮ?"

"ಹೇಳಿದ್ರೆ ನೀವು ನನ್ನ ಒಲೆ ಹತ್ರ ಬಿಡ್ತಿದ್ರಾ?"

ಬಾಗಿಲಲ್ಲಿ ನಿಂತಿದ್ದ ಶಾರದೆ, ಆರು ತಿಂಗಳಿಂದ ಅಕ್ಕಿ ಆರಿಸಿ ಅಂತ ಕೊಟ್ಟರೆ ಕಲ್ಲು ಹಾಗೇ ಇರುತ್ತಿತ್ತು, ಅತ್ತೆಗೆ ಬೇಜಾರು ಅಂದುಕೊಂಡು ನಾನೇ ಆರಿಸುತ್ತಿದ್ದೆ ಎಂದಳು. ನನಗೆ ಆ ಹೊತ್ತಿನಲ್ಲಿ ನೆನಪಾಗಿ ನಾಚಿಕೆಯಾದದ್ದು ಬೇರೆ. ಹಿಂದಿನ ತಿಂಗಳಷ್ಟೇ ಅಪ್ಪನ ಪಿಂಚಣಿ ಕಾಗದಕ್ಕೆ ಅಮ್ಮ ಸಹಿ ಹಾಕಬೇಕಿತ್ತು. ಬೆರಳಿಟ್ಟು ಜಾಗ ತೋರಿಸಿದ್ದೆ. ಅವಳು ಅರ್ಧ ಹೆಸರನ್ನು ಕಾಗದದ ಮೇಲೂ ಉಳಿದರ್ಧವನ್ನು ಮೇಜಿನ ಮೇಲೂ ಬರೆದಳು. ಸಾವಿರ ಜನರ ಸಹಿ ಹಾಕಿಸುವವನ ಅಮ್ಮ ನೀನು ಎಂದು ಗದರಿದ್ದೆ. ಅವಳು ಸೆರಗಿನಿಂದ ಮೇಜು ಒರೆಸಿದ್ದಳು. ಊರವರ ನಾಲ್ಕು ದಿಕ್ಕು ಬರೆದವನಿಗೆ ಎದುರಿಗಿದ್ದ ಒಂದು ದಿಕ್ಕು ಕಂಡಿರಲಿಲ್ಲ.

ಡಬ್ಬಿ ಮರುದಿನವೇ ಅಂಗಡಿಗೆ ಹೋಯಿತು. ಅಮ್ಮನನ್ನು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಇಷ್ಟು ಹಣ್ಣಾಗುವವರೆಗೆ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರು. ಡಬ್ಬಿಯೋ ಕಂಪ್ಯೂಟರೋ ಎಂದು ಯೋಚಿಸುತ್ತಿದ್ದೆ ಎನ್ನಲು ಬಾಯಿ ಬರಲಿಲ್ಲ.

ಆಪರೇಷನ್ ಮುಗಿಸಿ ಅಮ್ಮ ಹಸಿರು ಕನ್ನಡಕ ಹಾಕಿಕೊಂಡು ಮನೆಯಲ್ಲಿದ್ದ ದಿನಗಳಲ್ಲಿ ಪದ್ದಕ್ಕ ಒಂದು ಜಾಡಿ ಮಿಡಿ ಉಪ್ಪಿನಕಾಯಿ ಹಿಡಿದುಕೊಂಡು ಬಂದಳು. ಶೃಂಗೇರಿಯಿಂದ ತಂದದ್ದು ಎಂದಳು. ನಾನು ಬೆಚ್ಚಿದೆ. ಶೃಂಗೇರಿಯಲ್ಲಿ ಅವಳಿಗಿರುವುದು ತಂಗಿ ಒಬ್ಬಳೇ. ಅವರಿಬ್ಬರ ಪಾಲುಪತ್ರ ಬರೆದವನು ನಾನೇ. ಚಕ್ಕುಬಂದಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಸಹಿ ಹಾಕಿ ಹೊರಗೆ ಬಂದ ಅಕ್ಕತಂಗಿ, ತಮ್ಮ ತಾಯಿಯ ಚಿನ್ನದ ಅವಲಕ್ಕಿ ಸರ ಯಾರಿಗೆ ಎಂಬ ಒಂದು ಮಾತಿಗೆ ಮುಖ ತಿರುಗಿಸಿದವರು ಮತ್ತೆ ಮಾತಾಡಿರಲಿಲ್ಲ.

"ಟಿ.ವಿ.ಲಿ ಆ ತಂಗಿ ದಿನಾ ಅಕ್ಕನ ಹತ್ರ ತಪ್ಪಾಯ್ತು ಅಂತಾಳೆ" ಎಂದಳು ಪದ್ದಕ್ಕ. "ನನ್ನ ತಂಗಿಗೆ ಅಷ್ಟು ಬುದ್ಧಿ ಎಲ್ಲಿ. ಅದಕ್ಕೆ ನಾನೇ ಬಸ್ಸು ಹತ್ತಿದೆ."

ಅಮ್ಮ ಕನ್ನಡಕದೊಳಗೆ ಏನು ಮಾಡಿದಳೋ ಕಾಣಲಿಲ್ಲ.

ಕನ್ನಡಕ ತೆಗೆದ ಮೇಲೆ ಅಮ್ಮ ಮೊದಲ ಸಲ ಎದುರು ಮನೆಗೆ ಹೋದವಳು ಅರ್ಧ ಗಂಟೆಯಲ್ಲೇ ವಾಪಸು ಬಂದು ಜಗಲಿಯಲ್ಲಿ ಕುಸಿದು ಕೂತಳು. ಕಣ್ಣಿಗೇನಾದರೂ ಆಯಿತೇ ಎಂದು ಗಾಬರಿಯಾಗಿ ಓಡಿದೆ.

"ಅದ್ರಲ್ಲಿ ಕೊಟ್ಟಿಗೆನೇ ಇಲ್ಲ ಮಾರಾಯ" ಎಂದಳು.

ಪದ್ದಕ್ಕ ಎರಡು ವರ್ಷದಿಂದ ವರ್ಣಿಸುತ್ತಿದ್ದ ಮನೆಗೆ ಹಿತ್ತಲಿತ್ತು, ಮಲ್ಲಿಗೆ ಚಪ್ಪರವಿತ್ತು, ಗಂಗೆ ಎಂಬ ಕೆಂದು ಹಸುವಿತ್ತು. ಅದು ಕರು ಹಾಕಿದಾಗ ಕರು ಉಳಿಯುತ್ತದೋ ಇಲ್ಲವೋ ಎಂದು ಅಮ್ಮ ಎರಡು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಪರದೆಯವರು ಬಾಯಿ ಮುಚ್ಚಿದಾಗಲೇ ಪದ್ದಕ್ಕ ಹಸುವನ್ನು ತರುತ್ತಿದ್ದಳು; ಹಸುವಿನ ದೃಶ್ಯದಲ್ಲಿ ಮಾತು ಯಾಕಿರುತ್ತದೆ ಎಂದು ಅಮ್ಮ ಅನುಮಾನಿಸಿರಲೇ ಇಲ್ಲ. ಈಗ ನೋಡಿದರೆ, ಎಲ್ಲರೂ ಜರಿ ಸೀರೆ ಉಟ್ಟುಕೊಂಡು ಒಂದೇ ಕೋಣೆಯ ಸೋಫಾದ ಸುತ್ತ ನಿಂತು ಕಣ್ಣು ಕೆಕ್ಕರಿಸುತ್ತಿದ್ದಾರೆ. ಗಂಗೆ ಎಂಬುದು ಪದ್ದಕ್ಕ ಮದುವೆಯಾಗಿ ಬಂದಾಗ ತವರಿನಲ್ಲಿ ಬಿಟ್ಟು ಬಂದ ಹಸುವಿನ ಹೆಸರು ಎಂದು ಅಮ್ಮನಿಗೆ ಆಗ ನೆನಪಾಯಿತಂತೆ.

ನನಗೆ ನಗು ತಡೆಯಲಾಗಲಿಲ್ಲ. ಪದ್ದಕ್ಕ ಒಳ್ಳೆ ಮೋಸಗಾತಿ, ಹೋಗಿ ಜಗಳ ಮಾಡು ಎಂದೆ. ಅಮ್ಮ ನಗಲಿಲ್ಲ. ಆ ಧಾರಾವಾಹಿಯ ತಂಗಿ ಒಂದು ದಿನವೂ ತಪ್ಪಾಯ್ತು ಎಂದವಳಲ್ಲ ಎಂದಳು. ಅವಳು ಮಹಾ ಕೇಡಿ. ಹಾಲಿಗೆ ಏನೋ ಬೆರೆಸಿ ಅಕ್ಕನನ್ನು ಕೊಲ್ಲಲು ನೋಡುತ್ತಿದ್ದಳು. ಲೋಟಕ್ಕೆ ಏನು ಹಾಕುತ್ತಿದ್ದಾಳೆ ಎಂದು ಪದ್ದಕ್ಕ ಕೇಳಿದರೆ ಅಮ್ಮ, ಬಾದಾಮಿ ಪುಡಿ, ಅಕ್ಕನಿಗೆ ಇಷ್ಟ ಅಂತ, ಎಂದು ಕೂಗಿದ್ದಳು. ತಂಗಿಯ ವಿಷಯ ಬಂದಾಗಲೆಲ್ಲ ಪದ್ದಕ್ಕ ಉಸಿರು ಬಿಗಿಹಿಡಿಯುವುದು ಅಮ್ಮನಿಗೆ ಕೇಳಿಸುತ್ತಿತ್ತಂತೆ. ಆಮೇಲೆ ದಿನಕ್ಕೊಂದು ಕ್ಷಮಾಪಣೆ ಸೇರಿಸುತ್ತ ಹೋದಳು.

ನನ್ನ ಛಾಪಾ ಕಾಗದದ ಮೇಲೆ ಒಂದು ಸುಳ್ಳೂ ಇಲ್ಲದೆ ಬೇರೆಯಾದವರನ್ನು, ಒಂದು ನಿಜವೂ ಇಲ್ಲದ ಕೂಗಾಟ ಶೃಂಗೇರಿ ಬಸ್ಸು ಹತ್ತಿಸಿತ್ತು.

ಕಡೆಗೆ ಕಂಪ್ಯೂಟರನ್ನೇ ಕೊಂಡೆ, ಕಚೇರಿಗೆ. ಟಿ.ವಿ. ಕಾರ್ಡ್ ಹಾಕಿಸಲಿಲ್ಲ. ಅಮ್ಮ ಮೊದಲಿನ ಹಾಗೆ ದೀಪ ಹಚ್ಚಿ ರಸ್ತೆ ದಾಟುತ್ತಾಳೆ. ಇನ್ನೂ ಕೆಲವು ತಿಂಗಳು ಟಿ.ವಿ. ನೋಡಬಾರದು ಎಂದು ಡಾಕ್ಟರು ಹೇಳಿದ್ದಾರೆ ಎಂಬುದು ಪದ್ದಕ್ಕನಿಗೆ ಅವಳು ಹೇಳಿರುವ ಮಾತು. ಡಾಕ್ಟರು ಹಾಗೇನೂ ಹೇಳಿಲ್ಲ. ಮೊನ್ನೆ ಅಮ್ಮನನ್ನು ಕರೆಯಲು ಹೋದವನು ಕಿಟಕಿಯಲ್ಲಿ ಇಣುಕಿದೆ. ಪದ್ದಕ್ಕ ಪರದೆ ನೋಡುತ್ತ, ಗಂಗೆಯ ಕರು ಈಗ ಹುಲ್ಲು ಮೇಯುತ್ತದೆ ಎನ್ನುತ್ತಿದ್ದಳು. ಅಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಅವಳ ಕಿವಿಗೆ ಬಗ್ಗಿ, ತಂಗಿಯ ಪರವಾಗಿ ಏನನ್ನೋ ಬೇಡಿಕೊಳ್ಳುತ್ತಿದ್ದಳು.

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ, ಪದ್ದಕ್ಕ ನಿನ್ನ ಮುಖವನ್ನೇನೂ ನೋಡುತ್ತಿರಲಿಲ್ಲವಲ್ಲ, ಕಣ್ಣು ಯಾಕೆ ಮುಚ್ಚಿಕೊಂಡಿದ್ದೆ ಎಂದು.

"ಕಣ್ಣು ಬಿಟ್ಕೊಂಡು ಅಷ್ಟೆಲ್ಲ ಸುಳ್ಳು ಹೇಳಕ್ಕೆ ಆಗಲ್ಲ ಮಾರಾಯ" ಎಂದಳು ಅಮ್ಮ.