ಬರದವರ ಲೋಟ

ಮೊನ್ನೆ ಅತ್ತಾವರದ ಸೂಪರ್‌ಮಾರ್ಕೆಟಿನಲ್ಲಿ ಭತ್ತದ ತೆನೆ ನೋಡಿದೆ. ಪ್ಲಾಸ್ಟಿಕ್ ಲಕೋಟೆಯೊಳಗೆ ಮೂರು ತೆನೆ, ಮೇಲೊಂದು ಬಾರ್‌ಕೋಡ್, ಪಕ್ಕದಲ್ಲಿ ಸೇಬಿನ ರಾಶಿ. ಹಬ್ಬದ ಸೀಸನ್ ಎಂದು ಬುಟ್ಟಿ ತುಂಬ ಇಟ್ಟಿದ್ದರು. ಬಿಲ್ಲಿನ ಹುಡುಗಿ ಲಕೋಟೆಯನ್ನು ಯಂತ್ರಕ್ಕೆ ತೋರಿಸಿದಳು. ಯಂತ್ರ 'ಟೀಂ' ಎಂದಿತು. ನಾನೂ ಅದೇ ಸ್ವರದಲ್ಲಿ 'ಟೀಂ' ಎಂದೆ. ಎರಡು ಸಲ ಬಿಲ್ಲಾಯಿತೆಂದು ಅವಳು ಗಾಬರಿಯಿಂದ ಪರದೆ ನೋಡಿದಳು. ನನ್ನ ಚಾಳಿಯೇ ಅದು. ಯಂತ್ರವಾಗಲಿ ಮನುಷ್ಯರಾಗಲಿ, ಒಮ್ಮೆ ಕಿವಿಗೆ ಬಿದ್ದರೆ ಬಾಯಿಂದ ಹೊರಗೆ ಬರದೆ ಇರುವುದಿಲ್ಲ. ನನಗೆ ಸ್ವಂತ ಸ್ವರ ಇದೆಯೋ ಇಲ್ಲವೋ ಎಂದು ಅಮ್ಮನಿಗೇ ಸಂಶಯ.

ಬೋಳಾರದ ಮನೆಗೆ ಬಂದು ಲಕೋಟೆ ಹರಿದೆ. ಹಸಿ ಹುಲ್ಲಿನ ವಾಸನೆ, ಅದರೊಳಗೆ ಸ್ವಲ್ಪ ಹಾಲಿನ ವಾಸನೆ... ಅದರ ಹಿಂದೆಯೇ ನಮ್ಮ ಮೇಡಂ ಕೊಡೆ ಮಡಚುತ್ತಾ ಬಂದು ನಿಂತ ಹಾಗಾಯಿತು.

ಕಾಲೇಜಿನಲ್ಲಿ ಅವರು ನಗರದ ಆಹಾರದ ಬಗ್ಗೆ ಒಂದು ಐಚ್ಛಿಕ ವಿಷಯ ಕಲಿಸುತ್ತಿದ್ದರು. ಊಟದ ವಿಷಯವೆಂದರೆ ಊಟ ಸಿಗುತ್ತದೆ ಎಂದು ನಂಬಿ ಸೇರಿದವನು ನಾನು. ಮೇಡಂ ಕೊಂಕಣಿ ಮನೆಯವರು. ಅವರ ಕನ್ನಡದ ವಾಕ್ಯಗಳು ಕೆಳಗಿನಿಂದ ಹೊರಟು ಕೊನೆಯಲ್ಲಿ ಒಂದು ಮೆಟ್ಟಿಲು ಹತ್ತುತ್ತಿದ್ದವು. ಎರಡನೆಯ ವಾರವೇ ನಾನು ಬೆಂಚಿನ ಮೇಲೆ ನಿಂತು ಅವರನ್ನು ಅಣಕಿಸುತ್ತಿದ್ದಾಗ ತರಗತಿ ಇದ್ದಕ್ಕಿದ್ದಂತೆ ತಣ್ಣಗಾಯಿತು. ಅವರು ಬಾಗಿಲಲ್ಲಿ ನಿಂತಿದ್ದರು.

"ಕೊನೆ ಇನ್ನೂ ಸ್ವಲ್ಪ ಮೇಲೆ ಹೋಗ್ಬೇಕು ಪುತಾ," ಎಂದರು, ಕೊಂಕಣಿಯಲ್ಲಿ ಮಗನೇ ಎನ್ನುವ ಹಾಗೆ. "ಇನ್ನೊಮ್ಮೆ ಹೇಳು ನೋಡುವಾ?"

ಹೇಳಿದೆ. ತಲೆಯಾಡಿಸಿ ಪಾಠ ಶುರುಮಾಡಿದರು. ಅಣಕಿಸಿದ್ದಕ್ಕೆ ತಿದ್ದುಪಡಿ ಕೊಟ್ಟ ಗುರುಗಳು ನನ್ನ ಬದುಕಿನಲ್ಲಿ ಅವರೊಬ್ಬರೇ.

ಆ ದಿನ ಅವರು ನಮ್ಮೆಲ್ಲರ ಬುತ್ತಿ ತೆರೆಸಿದರು. ಅಕ್ಕಿ ಎಲ್ಲಿಂದ, ಬೇಳೆ ಎಲ್ಲಿಂದ, ಈರುಳ್ಳಿ ಎಲ್ಲಿಂದ? ಬಸಳೆ ಮತ್ತು ಮೀನು ಬಿಟ್ಟರೆ ಉಳಿದದ್ದೆಲ್ಲ ಘಟ್ಟ ಇಳಿದು ಬಂದದ್ದು. "ನಿಮ್ಮ ಬುತ್ತಿ ನಿಮಗಿಂತ ಜಾಸ್ತಿ ಊರು ನೋಡಿದೆ," ಎಂದರು. ಆಮೇಲೆ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದರು: ಕಡಿಮೆ ಬಿದ್ದಾಗ ಯಾರಿಗೆ ಮೊದಲು? ನನ್ನ ಪಕ್ಕದ ಬೆಂಚಿನವಳು ಎದ್ದುಹೋಗಿ, 'ಯಾರಿಗೆ ಯಾರೂ ಕೊಡುವುದಿಲ್ಲವೋ ಅವರಿಗೆ' ಎಂದು ದುಂಡಗೆ ಬರೆದಳು. ನಾವು ಚಪ್ಪಾಳೆ ತಟ್ಟಿದೆವು. ಮೇಡಂ ಅದನ್ನು ಒರೆಸಲಿಲ್ಲ. "ಇರಲಿ. ಬೇಕಾಗ್ತದೆ," ಎಂದರು.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ, ಕರಾವಳಿಯ ಕ್ರೈಸ್ತರ ಹೊಸ ಬೆಳೆಯ ಹಬ್ಬ. ಅಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಪ್ರತಿ ಮನೆಗೂ ಹೋಗುತ್ತದೆ. ಕಾಳು ಬಿಡಿಸಿ, ಅರೆದು, ತೆಂಗಿನ ಹಾಲಿಗೆ ಬೆರೆಸಿ ಮನೆಯವರೆಲ್ಲ ಕುಡಿಯುತ್ತಾರೆ. ಮೇಡಂ ಮನೆಯಲ್ಲಿ ಗಲ್ಫಿನಲ್ಲಿದ್ದ ಅಣ್ಣನ ಹೆಸರಿಗೂ ಒಂದು ಲೋಟ ತೆಗೆದಿಡುತ್ತಿದ್ದರಂತೆ. ಅದಕ್ಕೆ ಅವರ ಮನೆಯಲ್ಲಿ 'ಬರದವರ ಲೋಟ' ಎಂದು ಹೆಸರು. ಆದರೆ ನಗರದಲ್ಲಿ ಗದ್ದೆಯೆಲ್ಲಿದೆ? ತೆನೆ ದೂರದಿಂದ ಲಾರಿಯಲ್ಲಿ ಬರುತ್ತಿತ್ತು. ಈ ಸಲ ನಮ್ಮ ಊರಿನ ತೆನೆ ನಮ್ಮ ಊರಲ್ಲೇ ಬೆಳೆಯಲಿ, ಇಗರ್ಜಿಯ ಮನೆಗಳಿಗೆ ಮಾತ್ರವಲ್ಲ, ನರ್ಸಿಂಗ್ ಹಾಸ್ಟೆಲಿನ ಹುಡುಗಿಯರಿಗೂ ಬಂದರಿನಲ್ಲಿ ದೋಣಿ ಕೆಲಸಕ್ಕೆ ಬಂದ ಒಡಿಶಾದವರಿಗೂ ಸಿಗಲಿ ಎಂದು ಮೇಡಂ ಹಟ ಹಿಡಿದರು. ಇಗರ್ಜಿಯ ಫಾದರಿಗೆ ಮಾತು ಕೊಟ್ಟರು. ಫಾದರ್ ಲಾರಿಯವರಿಗೆ ಬೇಡವೆಂದರು.

ದೇರೆಬೈಲಿನಲ್ಲಿ ಎರಡು ಅಪಾರ್ಟ್‌ಮೆಂಟುಗಳ ನಡುವೆ ಬೇಸಾಯವಿಲ್ಲದೆ ಹಡಿಲು ಬಿದ್ದ ಒಂದು ಗದ್ದೆ ಇತ್ತು. ಅದರ ಯಜಮಾನರು, ಈಗ ಹೋಟೆಲು ನಡೆಸುವವರು, "ಅಲ್ಲಿ ಈ ವರ್ಷ ಎಂತದ್ದೂ ಕಟ್ಟುವುದಿಲ್ಲ, ಮಾಡಿಕೊಳ್ಳಿ" ಎಂದರು. ಯಾವ ಬೀಜ? ನಾವು ಮತ ಹಾಕಿದೆವು. ಗೊಬ್ಬರ ಕೇಳದ, ನೀರಿಗೆ ಕೊಳೆಯದ, ಕಂಪೆನಿಯ ಹಂಗಿಲ್ಲದ ಒಂದು ಹಳೆಯ ತಳಿ ಭಾರೀ ಬಹುಮತದಿಂದ ಗೆದ್ದಿತು. ಬೀಜಕ್ಕೆ ನಾವು ಕೇಳದ ಪ್ರಶ್ನೆಯಿರಲಿಲ್ಲ. ಯಾವಾಗ ತೆನೆ ಬಿಡುತ್ತೀ ಎಂಬುದೊಂದನ್ನು ಬಿಟ್ಟು! ಮೇಡಂ ಸಹ ಕೇಳಲಿಲ್ಲ. ನೆಡುವಾಗ ರಸ್ತೆಯ ಬದಿಯ ಪಟ್ಟಿಗೆ ನೇಜಿ, ಎಂದರೆ ಭತ್ತದ ಸಸಿ, ಸಾಲಲಿಲ್ಲ; ಒಬ್ಬ ಸಹಪಾಠಿಯ ಮನೆಯಿಂದ ಬೇರೆ ತಳಿಯ ನೇಜಿ ತಂದು ನೆಟ್ಟೆವು. ನಾನು ನೆಟ್ಟ ಸಾಲನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ನೋಡಿದವರು ಹಾವು ಹರಿದಿದೆಯೇ ಎಂದು ಕೇಳಿದರು.

ಆಗಸ್ಟ್ ಕೊನೆಗೆ ಗದ್ದೆ ಸೊಂಪಾಗಿತ್ತು. ಎಲೆಯೋ ಎಲೆ. ತೆನೆ ಮಾತ್ರ ಇಲ್ಲ. ನಮ್ಮ ಬಹುಮತದ ತಳಿ ಅಕ್ಟೋಬರಿಗೆ ಮೊದಲು ತಲೆ ಎತ್ತುವುದಿಲ್ಲ ಎಂದು ಆಗ ತಿಳಿಯಿತು. ರಸ್ತೆ ಬದಿಯ ಪಟ್ಟಿಯಲ್ಲಿ ಮಾತ್ರ ತೆನೆ ಬಂದಿತ್ತು. ಸುತ್ತಮುತ್ತ ಬೇರೆ ತೆನೆಯೇ ಇಲ್ಲದ್ದರಿಂದ ದೇರೆಬೈಲಿನ ಸಮಸ್ತ ಹಕ್ಕಿಗಳೂ ಅಲ್ಲಿಗೇ ಬಂದವು.

"ನಿನ್ನ ಬಾಯಿಗೆ ಒಂದು ಕೆಲಸ ಉಂಟು ಮಾರಾಯ," ಎಂದು ಮೇಡಂ ನನ್ನನ್ನು ಬದುವಿನ ಮೇಲೆ ನಿಲ್ಲಿಸಿದರು. ಹೀಗೆ ನಾನು ಬೆರ್ಚಪ್ಪನಾದೆ. ಮೊದಲ ದಿನ ಪ್ರಿನ್ಸಿಪಾಲರ ಸ್ವರ ತೆಗೆದೆ; ಹಕ್ಕಿಗಳು ಹಾರಿದವು. ಎರಡನೆಯ ದಿನ ಬಸ್ ಕಂಡಕ್ಟರಾದೆ. ಮೂರನೆಯ ದಿನ ಅವು ತಂತಿಯ ಮೇಲೆ ಸಾಲಾಗಿ ಕೂತು ಕಾರ್ಯಕ್ರಮ ನೋಡಿದವು. ಹಸಿವಾದಾಗ ಇಳಿದು ತಿಂದವು. ಅಂಥ ತಾಳ್ಮೆಯ ಪ್ರೇಕ್ಷಕರು ನನಗೆ ಮತ್ತೆ ಸಿಕ್ಕಿಲ್ಲ.

ಹಬ್ಬದ ಹಿಂದಿನ ಸಂಜೆ ಇಗರ್ಜಿಯ ಹಿಂಬದಿಯ ಶೆಡ್ಡಿನಲ್ಲಿ ಬುಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ನಾವು ಕೊಯ್ದು ತಂದ ತೆನೆ ಒಂದು ಬುಟ್ಟಿಯ ತಳ ಮುಚ್ಚಿತು, ಅಷ್ಟೇ. ಪಕ್ಕದ ಬೆಂಚಿನವಳು ಮೆಲ್ಲಗೆ, "ಇಗರ್ಜಿಯವರಿಗೆ ಮಾತ್ರ ಕೊಡುವಾ ಮೇಡಂ. ಹಾಸ್ಟೆಲಿನವರಿಗೆ, ಬಂದರಿನವರಿಗೆ ಬರುವ ವರ್ಷ..." ಎಂದಳು.

"ಬೋರ್ಡಿನಲ್ಲಿ ನೀನು ಎಂತ ಬರೆದದ್ದು?"

"ಅದು ಬೋರ್ಡಲ್ವಾ ಮೇಡಂ."

ನಾವು ನಕ್ಕೆವು. ಮೇಡಂ ನಗಲಿಲ್ಲ. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವರದೇ ಇಗರ್ಜಿ, ಚಿಕ್ಕಂದಿನಿಂದ ಹೂ ಹಿಡಿದು ಬಂದ ಜಾಗ. ನಾಳೆ ಬೆಳಿಗ್ಗೆ ಎಲ್ಲರೂ ಬರಿಗೈಯಲ್ಲಿ ಅವರನ್ನೇ ನೋಡುವವರಿದ್ದರು.

"ಮನೆಗೆ ಒಂದು ತೆನೆಯೂ ಬರುವುದಿಲ್ಲ," ಎಂದರು ಫಾದರ್. "ಲಾರಿಯವರಿಗೆ ಫೋನ್ ಮಾಡ್ಲಾ? ಬೆಳಿಗ್ಗೆಯೊಳಗೆ ತರ್ತಾರೆ."

ಮೇಡಂ ಬುಟ್ಟಿಯ ತಳದ ತೆನೆಗಳನ್ನು ಎರಡೂ ಕೈಯಲ್ಲಿ ಒಟ್ಟುಮಾಡಿ, "ಮನೆಮನೆಗೆ ಸಾಕಾಗುವುದಿಲ್ಲ ಫಾದರ್. ಒಂದು ಪಾತ್ರೆಗೆ ಸಾಕಾಗ್ತದೆ," ಎಂದರು.

"ಜನ ಬೈತಾರೆ."

"ನನಗೆ ಬೈಲಿ. ಈ ಬೆರ್ಚಪ್ಪನಿಗೆ ಪಾಠ ಮಾಡಿದವಳು ನಾನು, ಎಲ್ಲ ಅಭ್ಯಾಸ ಉಂಟು."

ಮರುದಿನ ಪೂಜೆಯ ನಂತರ ಇಗರ್ಜಿಯ ಅಂಗಳದಲ್ಲೇ ಕಾಳು ಬಿಡಿಸಿ ಅರೆದೆವು. ದೊಡ್ಡ ಪಾತ್ರೆಯಲ್ಲಿ ತೆಂಗಿನ ಹಾಲು, ಬೆಲ್ಲ, ಅದಕ್ಕೆ ಇಷ್ಟೇ ಇಷ್ಟು ಹಸಿರು ಹಿಟ್ಟು. ನಗರ ಪೂರ್ತಿ ಒಂದೇ ಮನೆ ಎಂದಾದರೆ ಪಾತ್ರೆಯೂ ಒಂದೇ ಅಲ್ಲವೇ ಎಂಬುದು ಅವರ ಲೆಕ್ಕ. ಬಂದವರೆಲ್ಲ ಒಂದೇ ಸಾಲಿನಲ್ಲಿ ನಿಂತರು: ಕುಟುಂಬಗಳು, ಹಾಸ್ಟೆಲಿನ ಹುಡುಗಿಯರು, ದೋಣಿಯವರು. ಕೆಲವರು ಗೊಣಗಿದರು, ಕುಡಿದರು. ಒಬ್ಬ ವೃದ್ಧೆ ಮಾತ್ರ ಲೋಟ ಮುಟ್ಟಲಿಲ್ಲ. "ನನ್ನ ಮನೆಯ ಅಲ್ತಾರಿಗೆ, ದೇವರ ಪೀಠಕ್ಕೆ, ತೆನೆ ಇಲ್ಲ. ಇದೆಂತ ಹಬ್ಬ?" ಎಂದು ಕಣ್ಣೊರೆಸಿಕೊಂಡು ಹೊರಟುಹೋದರು. ಅವರು ಹೇಳಿದ್ದೂ ಸುಳ್ಳಾಗಿರಲಿಲ್ಲ.

ಮೇಡಂ ಒಂದು ಲೋಟ ತುಂಬಿಸಿ ತಟ್ಟೆ ಮುಚ್ಚಿಟ್ಟರು. ಮಧ್ಯಾಹ್ನ ನನ್ನನ್ನು ಕರೆದು, "ತೆಗೆದಿಟ್ಟರೆ ಸಾಲದು ಮಾರಾಯ, ನಡೀಬೇಕು. ಕೊಡೆ ಹಿಡಿ," ಎಂದರು. ಬೆಳಿಗ್ಗೆ ಹೊರಟುಹೋದ ಆ ವೃದ್ಧೆ ಬಾಗಿಲು ತೆರೆದು ಕೊಂಕಣಿಯಲ್ಲಿ ಬೈಯಲು ಶುರುಮಾಡಿದರು. ಒಂದು ಬೈಗುಳ, ಒಂದು ಗುಟುಕು, ಮತ್ತೆ ಬೈಗುಳ, ಮತ್ತೆ ಗುಟುಕು... ಲೋಟ ಖಾಲಿಯಾದ ಮೇಲೂ ಬೈಗುಳ ಉಳಿದಿತ್ತು. ಮೇಡಂ ತಲೆ ತಗ್ಗಿಸಿ ಅಷ್ಟನ್ನೂ ಕೇಳಿದರು. ವಾಪಸು ಬರುವಾಗ ಆ ಗುಟುಕು-ಬೈಗುಳ ಮಾಡಿ ತೋರಿಸಿದೆ. ನಡುರಸ್ತೆಯಲ್ಲಿ ನಿಂತು ನಕ್ಕರು.

ಅಕ್ಟೋಬರಿನಲ್ಲಿ ಗದ್ದೆ ತುಂಬ ತೆನೆ ತೂಗಿತು. "ನಮ್ಮ ಓಟು ಗೆದ್ದಿತು ನೋಡು, ಹಬ್ಬ ಮುಗಿದ ಮೇಲೆ," ಎಂದರು ಮೇಡಂ. ಬರುವ ವರ್ಷಕ್ಕೆ ಬೇಗ ತೆನೆ ಬಿಡುವ ಬೀಜ ತೆಗೆದಿಟ್ಟರು. ಆದರೆ ಬಿತ್ತುವ ಕಾಲಕ್ಕೆ ಅವರಿರಲಿಲ್ಲ. ಕಾಯಿಲೆ ಒಳಗೇ ಇತ್ತಂತೆ, ಯಾರಿಗೂ ಹೇಳಿರಲಿಲ್ಲ... ಮಣ್ಣು ಮಾಡಿ ಬಂದ ಸಂಜೆ ಗೆಳೆಯರು ಚಹಾದಂಗಡಿಯಲ್ಲಿ, "ಒಮ್ಮೆ ಅವರ ಹಾಗೆ ಮಾತಾಡು ಮಾರಾಯ," ಎಂದರು. ಬಾಯಿ ತೆರೆದೆ. ಮುಚ್ಚಿದೆ. ಆಮೇಲೆ ಆ ಸ್ವರ ತೆಗೆಯಲೇ ಇಲ್ಲ.

ಮೊನ್ನೆ ಅಮ್ಮ ಆ ಸೂಪರ್‌ಮಾರ್ಕೆಟಿನ ತೆನೆಯ ಕಾಳು ಅರೆದು ಪಾಯಸಕ್ಕೆ ಹಾಕಿದರು. ಅಪ್ಪನಿಗೆ, ನನಗೆ, ತನಗೆ ಎಂದು ಮೂರು ಲೋಟ ಇಟ್ಟರು. ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ, "ಬರದವರದ್ದು ಎಲ್ಲಿ ಪುತಾ?" ಎಂದು ಬಂತು. ಕೊನೆಯಲ್ಲಿ ಒಂದು ಮೆಟ್ಟಿಲು ಹತ್ತಿತು. ಅಮ್ಮನ ಕೈ ನಿಂತಿತು. ಇನ್ನೊಂದು ಲೋಟ ತೆಗೆದರು.

ತೆಗೆದಿಟ್ಟರೆ ಸಾಲದು. ಪಾಯಸವನ್ನು ಫ್ಲಾಸ್ಕಿಗೆ ಹುಯ್ದು, ಲೋಟವನ್ನು ಚೀಲಕ್ಕೆ ಹಾಕಿ ದೇರೆಬೈಲಿನ ಬಸ್ಸು ಹಿಡಿದೆ. ಗದ್ದೆಯಿದ್ದಲ್ಲಿ ಈಗ ಇಂಟರ್‌ಲಾಕ್ ಹಾಕಿದ ಪಾರ್ಕಿಂಗ್ ಜಾಗ. ರಸ್ತೆ ಬದಿಯ ಪಟ್ಟಿಯಿದ್ದಲ್ಲಿ ಒಂದು ಕುರ್ಚಿ, ಅದರಲ್ಲಿ ಬಿಹಾರದಿಂದ ಬಂದ ವಾಚ್‌ಮನ್. ಲೋಟ ತುಂಬಿಸಿ ಕೊಟ್ಟೆ. ಅವನು ನನ್ನನ್ನೂ ಲೋಟವನ್ನೂ ಎರಡೆರಡು ಸಲ ನೋಡಿ, ಕುಡಿದು, ಬಾಯಿ ಒರೆಸಿಕೊಂಡು ಯಾರು ಕಳಿಸಿದ್ದೆಂದು ಹಿಂದಿಯಲ್ಲಿ ಕೇಳಿದ.

"ನಮ್ಮ ಮೇಡಂ," ಎಂದೆ. ಅದು ನನ್ನದೇ ಸ್ವರ. ಕೊನೆಯಲ್ಲಿ ಮೇಲೆ ಹತ್ತಲಿಲ್ಲ, ಕೆಳಗಿಳಿಯಿತು.