ಸಾಕ್ಷಿ ಹೇಳುವ ಕೆನ್ನೆ

ಮುಖಕ್ಕೆ ದುಡ್ಡು ಸುರಿಯುವವರನ್ನು ಕಂಡರೆ ಅವಳಿಗೆ ಒಳಗೊಳಗೇ ಅಸಹ್ಯ. ಅವರು ಸುರಿದ ದುಡ್ಡಿನಲ್ಲೇ ಅವಳ ಮನೆಯ ಒಲೆ ಉರಿಯುತ್ತಿತ್ತು ಎನ್ನುವುದು ಬೇರೆ ಮಾತು. ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಯಾರು ಬರುತ್ತಿದ್ದಾರೆಂದು ಕೂತಲ್ಲೇ ಹೇಳಬಲ್ಲಳು. ದಡದಡ ಹತ್ತಿದರೆ ಮದುವೆಯೊಳಗೆ ಬೆಳ್ಳಗಾಗಬೇಕಾದ ಹುಡುಗಿ. ನಿಂತು ನಿಂತು ಹತ್ತಿದರೆ, ಗಂಡನ ಕಣ್ಣು ಬೇರೆ ಕಡೆ ತಿರುಗಿದ್ದಕ್ಕೆ ತನ್ನ ಹಣೆಯ ಸುಕ್ಕೇ ಕಾರಣ ಎಂದು ನಂಬಿದ ಹೆಂಗಸು. ಕಳ್ಳಹೆಜ್ಜೆಯಾದರೆ ಯಾವನೋ ಗಂಡಸು, ಕೆನ್ನೆಯ ಕಪ್ಪು ಕಲೆಗೆ ಮದ್ದು ಬೇಕು, ಕೇಳಲು ನಾಚಿಕೆ.

ಕ್ಲಿನಿಕ್ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆ ಬಿಳಿ, ದೀಪ ಬಿಳಿ, ಕುರ್ಚಿಯ ಹೊದಿಕೆ ಬಿಳಿ. ಒದ್ದೆ ನೆಲಬಟ್ಟೆ ಒಣಗುವ ಹಿಂದಿನ ಮೂಲೆ ಮಾತ್ರ ತನ್ನ ನಿಜವಾದ ಬಣ್ಣದಲ್ಲಿತ್ತು. ಬಾಗಿಲ ಹತ್ತಿರ ಸುತ್ತಲೂ ಬಲ್ಬು ಹಾಕಿದ ಒಂದು ಭೂತಕನ್ನಡಿ. ಅದರಲ್ಲಿ ನೋಡಿಕೊಂಡರೆ ದೇವಕನ್ಯೆಯ ಮೂಗೂ ಜರಡಿಯಂತೆ ಕಾಣಬೇಕು. ಕುರ್ಚಿಗಿಂತ ಮೊದಲು ಕೊಂಡದ್ದೇ ಆ ಕನ್ನಡಿಯನ್ನಂತೆ. ಅದನ್ನು ಕೊಂಡ ಮೇಡಂ, ಕ್ಲಿನಿಕ್ಕಿನ ಒಡತಿ, ತನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಸಿಕೊಂಡಿದ್ದಳು. ಯಾವುದರ ಡಾಕ್ಟರ್ ಎಂದು ಕೇಳುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಬ್ಲೀಚು, ಚರ್ಮ ಸುಲಿಯುವ ಪೀಲು, ಲೇಸರು, ಸುಕ್ಕು ಬಿಡಿಸುವ ಸೂಜಿ, ಎಲ್ಲವೂ ಅಲ್ಲಿತ್ತು. ಒಂದು ಕೆಡಿಸಿದ್ದನ್ನು ಇನ್ನೊಂದು ಸರಿಮಾಡುತ್ತದೆ ಎಂಬುದೇ ಅಲ್ಲಿಯ ವೈದ್ಯಶಾಸ್ತ್ರ.

ಇವಳು ಮೊದಲು ಕೆಳಗಿನ ಅಂಗಡಿಯಲ್ಲಿ ಚಪ್ಪಲಿ ಮಾರುತ್ತಿದ್ದವಳು. ಒಂದು ದಿನ ಚಪ್ಪಲಿ ಕೊಳ್ಳಲು ಬಂದ ಮೇಡಂ ಚಪ್ಪಲಿ ನೋಡಲಿಲ್ಲ, ಕಾಲ ಬಳಿ ಬಗ್ಗಿ ಕೂತವಳ ಕೆನ್ನೆ ನೋಡಿದಳು. ಒಂದು ಮೊಡವೆ, ಒಂದು ಕಲೆ ಕಾಣದ ಆ ಕೆನ್ನೆ ಹುಟ್ಟಾ ಬಂದದ್ದು. ಬಟ್ಟೆ ಸೋಪಿನಲ್ಲೇ ಮುಖ ತೊಳೆದು ಬೆಳೆದ ಮನೆ ಅದು. ಅದೇ ಸೋಪು, ಅದೇ ನೀರು ಬಳಸಿದ ಅಕ್ಕನ ಮುಖ ಸಾಧಾರಣವಾಗಿತ್ತು. ಆದರೂ ಇವಳಿಗೆ ತನ್ನ ಕೆನ್ನೆ ತಾನೇ ಕಷ್ಟಪಟ್ಟು ಸಂಪಾದಿಸಿದ್ದು ಎನ್ನುವಷ್ಟು ಗರ್ವ. ಪುಕ್ಕಟೆ ಬಂದದ್ದರ ಮೇಲೆ ಜನಕ್ಕೆ ಯಾವಾಗಲೂ ಗರ್ವ ಜಾಸ್ತಿ.

ಮಹಡಿಯ ಮೇಲೆ ಅವಳ ಕೆಲಸ ಒಂದೇ. ಗಿರಾಕಿ ಕೊಳ್ಳಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿರುವಾಗ ಮೇಡಂ ಒಳಗಿನಿಂದ ಕರೆಯುವಳು, “ಸಾಕ್ಷಿ, ಸ್ವಲ್ಪ ಬಾ ಇಲ್ಲಿ.” ಅದನ್ನು ಅವಳ ಹೆಸರೆಂದೇ ತಿಳಿದವರು ಬಹಳ. ಹೆಸರಲ್ಲ, ಉದ್ಯೋಗ. ಅವಳು ಬಂದು ದೀಪದ ಕೆಳಗೆ ಕೂತು ಕೆನ್ನೆ ತಿರುಗಿಸಬೇಕು. “ಮುಟ್ಟಿ ನೋಡಿ, ಸಂಕೋಚ ಪಡಬೇಡಿ,” ಎನ್ನುವಳು ಮೇಡಂ. ಗಿರಾಕಿ ಬೆರಳಿನ ಹಿಂಬದಿಯಿಂದ ಮುಟ್ಟುವಳು. ಆಗ ಇವಳು, “ನಾನೂ ಇದನ್ನೇ ಹಚ್ಕೊಳ್ಳೋದು,” ಎನ್ನಬೇಕು. ಅಷ್ಟೇ. ಮೊದಮೊದಲು ವಿಟಮಿನ್ನು ಗಿಟಮಿನ್ನು ಎಂದು ಏನೇನೋ ಸೇರಿಸಲು ಹೋಗಿ ಬೈಸಿಕೊಂಡಿದ್ದಳು. “ಭಾಷಣ ಬೇಡ. ಕೆನ್ನೆ ಮಾತಾಡುತ್ತೆ, ನೀನು ಹೂಂ ಅಂದ್ರೆ ಸಾಕು,” ಎಂದಿದ್ದಳು ಮೇಡಂ.

‘ಇದನ್ನೇ’ ಎಂದರೆ ಬಿಳಿ ಡಬ್ಬಿಯ ಮೇಡಂ ಕ್ರೀಮು. ತುರಿಕೆಗೆ ಹಚ್ಚುವ ಸ್ಟೀರಾಯ್ಡ್ ಮುಲಾಮು, ಬಣ್ಣ ತೆಗೆಯುವ ಇನ್ನೊಂದು ಟ್ಯೂಬು, ಮೇಲೆ ಒಂದಿಷ್ಟು ಸೆಂಟು. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಚಮಚದಲ್ಲಿ ಕಲಸಿ ತುಂಬುತ್ತಿದ್ದರು. ಶುರುವಿನಲ್ಲಿ ಮೊಡವೆ ಮಾಯ, ಮುಖ ಫಳಫಳ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರ ಎದ್ದು, ಬಿಸಿಲಿಗೆ ಉರಿದು, ಕೆನ್ನೆಯ ಮೇಲೆ ನವಿರು ಕೂದಲು ಹುಟ್ಟುವುದು. ಅಳುತ್ತ ಬಂದವರನ್ನು ಮೇಡಂ ಲೇಸರ್ ಕೋಣೆಗೆ ಕಳಿಸುವಳು. ಇವಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆ ಡಬ್ಬಿ ಮುಟ್ಟಿದಾಗೆಲ್ಲ ಕೈ ತೊಳೆಯುತ್ತಿದ್ದಳು. ಹಚ್ಚಿಕೊಳ್ಳುವವರಿಗೇ ಇಲ್ಲದ ಬುದ್ಧಿ ತನಗೇಕೆ ಎಂದು ಸುಮ್ಮನಿರುತ್ತಿದ್ದಳು.

ಮನೆಯಲ್ಲಿ ಒಬ್ಬಳೇ ಮಗಳು. ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ ಅವಳ ಮುಖದ ತುಂಬ ಮೊಡವೆ. ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಗಂಡ, “ನಮ್ಮ ವಂಶದ ಆಸ್ತಿ ಅದು, ಪಾಲು ಬಂದಿದೆ ಬಿಡು,” ಎಂದು ನಗುತ್ತಿದ್ದ. ಮಗಳು ನಗುತ್ತಿರಲಿಲ್ಲ. ದುಪಟ್ಟಾವನ್ನು ಮೂಗಿನ ತನಕ ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದಳು.

“ಅಮ್ಮ, ನೀನು ಹಚ್ಕೊಳ್ಳೋದನ್ನ ನನಗೂ ಕೊಡು.”

“ನಾನು ಏನೂ ಹಚ್ಚಲ್ಲ ಕಣೇ. ನೀರಲ್ಲಿ ತೊಳಿ, ಚಿವುಟಬೇಡ. ತಾನಾಗೇ ಹೋಗುತ್ತೆ.”

ಮಗಳು ಮತ್ತೆ ಕೇಳಲಿಲ್ಲ. ಚಿಕ್ಕವಳಿದ್ದಾಗ ರಜೆಯಲ್ಲಿ ಅದೇ ಕ್ಲಿನಿಕ್ಕಿನ ಮೂಲೆಯಲ್ಲಿ ಚಿತ್ರ ಬಿಡಿಸುತ್ತ ಕೂತು, ಅಮ್ಮ ಊರವರಿಗೆಲ್ಲ ಹೇಳುವ ಆ ಒಂದು ಮಾತನ್ನು ಕೇಳಿ ಕೇಳಿ ಬೆಳೆದವಳು ಅವಳು. ತಾನು ಹೇಳುವ ಸುಳ್ಳು, ಗಿರಾಕಿಯಲ್ಲದ ಒಂದು ಜೊತೆ ಕಿವಿಗೂ ಬಿದ್ದಿದೆ ಎಂದು ತಾಯಿಗೆ ಹೊಳೆದೇ ಇರಲಿಲ್ಲ.

ಕೆಲ ಕಾಲದ ಮೇಲೆ ಮಗಳ ಮುಖ ತಿಳಿಯಾಯಿತು. ತಾಯಿಗೆ ಹೆಮ್ಮೆಯೋ ಹೆಮ್ಮೆ. ನೀರಲ್ಲಿ ತೊಳಿ ಎಂದದ್ದನ್ನು ಕೇಳಿದಳು, ಗುಣವಾಯಿತು ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು. ದಿನವೆಲ್ಲ ಪರರ ಚರ್ಮದ ರಂಧ್ರ ಎಣಿಸುವ ಕಣ್ಣಿಗೆ ತನ್ನ ಮನೆಯ ಮುಖ ಕಾಣಲಿಲ್ಲ. ದೀಪದ ಬುಡ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಒಂದು ಭಾನುವಾರ ಮಗಳು ಬಟ್ಟೆ ಒಣಹಾಕಿ ಬಿಸಿಲಿನಿಂದ ಒಳಗೆ ಬಂದಳು. ಎರಡೂ ಕೆನ್ನೆ ಯಾರೋ ಬಾರಿಸಿದ ಹಾಗೆ ಕೆಂಪು. ತಾಯಿ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೂಗಿನ ಪಕ್ಕ ಕೆಂಪು ನೂಲಿನಂಥ ನರಗಳು, ಕಿವಿಯ ಕೆಳಗೆ ನವಿರು ಕೂದಲು. ಬಿಳಿ ಡಬ್ಬಿಯ ಗುರುತುಗಳೇ ಅವು.

“ಎಲ್ಲಿ ಸಿಕ್ತು ನಿನಗೆ?”

“ಟೈಲರ್ ಆಂಟಿ ಕೊಟ್ರು. ಅವರಿಗೆ ಕೊಡಿಸಿದ್ದು ನೀನೇ ತಾನೇ.”

“ಅದು ವಿಷ ಕಣೇ. ನಾನು ಅದನ್ನ ಒಂದು ದಿನವೂ ಮುಖಕ್ಕೆ ಹಚ್ಚಿಲ್ಲ. ಸಂಬಳಕ್ಕೆ ಹೇಳೋ ಸುಳ್ಳು ಅದು.”

“ಊರಿಗೆಲ್ಲ ಕ್ರೀಮು, ಮಗಳಿಗೆ ಮಾತ್ರ ನೀರು.” ಮಗಳ ದನಿ ಏರಲಿಲ್ಲ. “ಅದು ಸುಳ್ಳಾದ್ರೆ ಇದೂ ಸುಳ್ಳಿರಬಹುದು. ನಿನ್ನ ಮಾತು ನಂಬ್ಲಾ, ನಿನ್ನ ಕೆನ್ನೆ ನಂಬ್ಲಾ? ಜನ ನಿನ್ನ ನೋಡಿ ಅಕ್ಕನಾ ಅಂತಾರೆ, ನನ್ನ ನೋಡಿ ಅಯ್ಯೋ ಅಂತಾರೆ. ನಿನಗೆ ಅದು ಹಾಗೇ ಇದ್ರೆ ಚೆನ್ನ ಅಂತ ಕಾಣುತ್ತೆ.”

ಹೊಡೆಯಲು ಕೈ ಎತ್ತಿದಳು. ಉರಿಯುತ್ತಿರುವ ಆ ಕೆನ್ನೆಗೆ ಹೇಗೆ ಹೊಡೆಯುವುದು? ಎತ್ತಿದ ಕೈಯಿಂದ ಮಗಳ ಶಾಲೆಯ ಚೀಲ ತಡಕಿ, ಬಿಳಿ ಡಬ್ಬಿ ಹೊರಗೆಳೆದು ಚರಂಡಿಗೆ ಎಸೆದಳು.

ಅದರಿಂದ ಇನ್ನೂ ಕೆಟ್ಟಿತು. ಕ್ರೀಮು ನಿಂತದ್ದೇ ತಡ, ಮುಖ ಕೆರಳಿ, ಮೊಡವೆಗಳೆಲ್ಲ ಬಡ್ಡಿ ಸಮೇತ ಮರಳಿ ಬಂದವು. “ನೋಡಿದ್ಯಾ, ಬಿಟ್ಟಿದ್ದಕ್ಕೇ ಹೀಗಾಯ್ತು,” ಎಂದು ಮಗಳು ಅತ್ತು, ಟೈಲರ್ ಆಂಟಿಯ ಹತ್ತಿರ ಹೋಗಿ ಇನ್ನೊಂದು ಡಬ್ಬಿ ತಂದುಕೊಂಡಳು. ಇದೇ ವಾದವನ್ನು ತಾಯಿ ಗಿರಾಕಿಗಳ ಬಾಯಲ್ಲಿ ಕೇಳಿ ಎಷ್ಟೋ ಸಲ ಬೆನ್ನ ಹಿಂದೆ ನಕ್ಕಿದ್ದಳು.

ಆ ವಾರ ಕ್ಲಿನಿಕ್ಕಿನಲ್ಲಿ ಅವಳಿಗೆ ಸತ್ಯ ಹೇಳುವ ಹುಚ್ಚು ಹಿಡಿಯಿತು. ಮಗಳ ವಯಸ್ಸಿನ ಒಬ್ಬಳು ಕೆನ್ನೆ ಮುಟ್ಟಿದಾಗ, ಮೇಡಂ ಅತ್ತ ತಿರುಗಿದ್ದು ನೋಡಿ ಪಿಸುಗುಟ್ಟಿದಳು, “ಹಚ್ಚಬೇಡಮ್ಮ. ನಾನು ಏನೂ ಹಚ್ಚಲ್ಲ.” ಹುಡುಗಿ ಮೂತಿ ತಿರುವಿ ಗಟ್ಟಿಯಾಗಿಯೇ ಹೇಳಿದಳು, “ಮೇಡಂ, ನಿಮ್ಮ ಸಾಕ್ಷಿಗೆ ತಾನೊಬ್ಬಳೇ ಚೆನ್ನಾಗಿರಬೇಕು ಅಂತ ಆಸೆ ನೋಡಿ.” ಒಂದು ಡಬ್ಬಿ ಸಾಕೆಂದು ಬಂದವಳು ಎರಡು ಒಯ್ದಳು. ಮೇಡಂ ಬೈಯಲಿಲ್ಲ. ಇನ್ನು ಮುಂದೆ ಹೀಗೇ ಹೇಳು, ಚೆನ್ನಾಗಿದೆ ಎಂದಳು.

ಕೊನೆಗೆ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಚರ್ಮದ ಡಾಕ್ಟರು ತಲೆಗೂದಲಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡ ದಣಿದ ಹೆಂಗಸು. ಅವರ ಕೆನ್ನೆಗಳ ಮೇಲೆಯೇ ಕಂದು ಬಣ್ಣದ ಬಂಗು. ಮಗಳ ಮುಖ ನೋಡಿ ಹೇಳಿದರು: “ಆ ಕ್ರೀಮು ಇವತ್ತಿಗೇ ಸಾಕು. ಬಿಟ್ಟಾಗ ಕೆರಳುತ್ತೆ, ಹೆದರಿ ಮತ್ತೆ ಹಚ್ಚಬೇಡ. ಸೌಮ್ಯವಾದ ಸೋಪು, ಈ ಮುಲಾಮು, ಹೊರಗೆ ಹೋಗೋವಾಗ ಸನ್‌ಸ್ಕ್ರೀನು. ತಿಂಗಳುಗಟ್ಟಲೆ ತಾಳ್ಮೆ ಬೇಕು.” ತಾಯಿಯ ಕಡೆ ತಿರುಗಿ, “ಇಂಥದ್ದನ್ನ ಮಾರೋರಿಗೆ ನಾಚಿಕೆ ಅನ್ನೋದು ಇರಲ್ವಾ?” ಎಂದು ಕೇಳಿದರು.

“ಇರಲ್ಲ ಡಾಕ್ಟ್ರೇ,” ಎಂದಳು ಇವಳು. ಬಹಳ ವರ್ಷಗಳಲ್ಲಿ ತನ್ನ ಕೆಲಸದ ಬಗ್ಗೆ ಅವಳು ಆಡಿದ ಮಾತುಗಳಲ್ಲಿ ಜನ ನಂಬಿದ ಸತ್ಯ ಅದೊಂದೇ ಇರಬೇಕು.

ಗೇಟು ದಾಟುತ್ತಲೇ ಮಗಳು ಮುಲಾಮಿನ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದಳು. “ಅವರ ಮುಖ ನೋಡಿದ್ಯಾ? ತಮ್ಮದನ್ನೇ ಸರಿ ಮಾಡ್ಕೊಳ್ಳೋಕೆ ಆಗದೋರು ನನ್ನದನ್ನ ಮಾಡ್ತಾರಾ?”

ಅವಳು ಮುಂದೆ ನಡೆದ ಮೇಲೆ ತಾಯಿ ಬುಟ್ಟಿಗೆ ಕೈ ಹಾಕಿ ಟ್ಯೂಬು ಎತ್ತಿಕೊಂಡಳು. ಎಂಥ ಪೆದ್ದು ಎಂದು ಸಿಟ್ಟು ಬಂತು. ಕಲಿತವರ ಮಾತು ಬೇಡ, ಹೆತ್ತವಳ ಮಾತು ಬೇಡ, ಮಿರುಗುವ ಕೆನ್ನೆಯೊಂದು ಎದುರಿಗಿರಬೇಕು. ಗಿರಾಕಿಗಳ ಮೇಲೆ ದಿನಾ ಹುಟ್ಟುವ ಅದೇ ತಾತ್ಸಾರ ಹೆತ್ತ ಮಗಳ ಮೇಲೂ ಹುಟ್ಟಿತು. ಗಿರಾಕಿಯೇ ತಾನೇ, ಹಾಗಾದರೆ ಗಿರಾಕಿಗೆ ಮಾರುವ ಹಾಗೆಯೇ ಮಾರಬೇಕು ಎಂದುಕೊಂಡಳು. ಅವಳಿಗೆ ಬರುತ್ತಿದ್ದ ವಿದ್ಯೆಯೂ ಅದೊಂದೇ.

ಮನೆಗೆ ಬಂದು ಆಸ್ಪತ್ರೆಯ ಮುಲಾಮನ್ನು ಹಳೆಯದೊಂದು ಪುಟ್ಟ ಸ್ಟೀಲಿನ ಡಬ್ಬಿಗೆ ಹಿಂಡಿದಳು. ಸಂಜೆ ಮಗಳು ಓದುತ್ತಿರುವಾಗ, ಕಾಣುವಷ್ಟೇ ಬಾಗಿಲು ತೆರೆದಿಟ್ಟು, ಕನ್ನಡಿಯ ಮುಂದೆ ನಿಂತು ಬೆರಳ ತುದಿಯಿಂದ ಕೆನ್ನೆಗೆ ಸವರಿಕೊಂಡಳು. ಮಗಳ ನೆರಳು ಬಾಗಿಲಿಗೆ ಬಂದಾಗ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿದಳು.

“ಏನದು?”

“ಏನಿಲ್ಲ. ಹೋಗಿ ಓದ್ಕೋ.”

“ತೋರಿಸು.”

ಬೇಕಾದಷ್ಟು ಹೊತ್ತು ಸತಾಯಿಸಿ, ಸೋತವಳ ಹಾಗೆ ಉಸಿರು ಬಿಟ್ಟಳು. “ನಾನು ಮೊದಲಿಂದಲೂ ಹಚ್ಕೊಳ್ಳೋದು ಇದನ್ನೇ. ಮೇಡಂಗೂ ಗೊತ್ತಿಲ್ಲ. ಯಾರ ಹತ್ತಿರವೂ ಬಾಯಿ ಬಿಡಬೇಡ.” ಮಗಳು ಡಬ್ಬಿ ಕಿತ್ತುಕೊಂಡು ಮೂಸಿ ನೋಡಿದಳು. “ಆ ಬಿಳಿ ಡಬ್ಬಿ ಜೊತೆ ಇದು ಕೆಲಸ ಮಾಡಲ್ಲ, ಅದನ್ನ ಬಿಡಬೇಕು. ಮೊದಲು ಮುಖ ಕೆರಳುತ್ತೆ, ನನಗೂ ಕೆರಳಿತ್ತು. ಅದಕ್ಕೆ ಹೆದರಿ ಬಿಟ್ರೆ ಕೆಟ್ಟೆ. ಬಿಸಿಲಿಗೆ ಹಚ್ಚೋದು ಬೇರೆ ಇದೆ, ಕೊಡ್ತೀನಿ.”

ಡಾಕ್ಟರು ಹೇಳಿದಾಗ ಕಸದ ಬುಟ್ಟಿಗೆ ಹೋದ ಮಾತುಗಳೇ ಅವು. ಈಗ ಮಗಳು ಕಣ್ಣರಳಿಸಿ ಕೇಳಿಸಿಕೊಂಡಳು. ಮುಖ ಕೆರಳಿದಾಗ ಅಳುತ್ತಲೇ ಹಲ್ಲು ಕಚ್ಚಿ ತಡೆದುಕೊಂಡಳು, ಅಮ್ಮನಿಗೂ ಹೀಗೇ ಆಗಿತ್ತಂತಲ್ಲ. ಡಬ್ಬಿ ಖಾಲಿಯಾಗುವ ಮುಂಚೆ ತಾಯಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಇನ್ನೊಂದು ಟ್ಯೂಬು ತಂದು ಗುಟ್ಟಾಗಿ ತುಂಬುತ್ತಿದ್ದಳು. ಹಗಲೆಲ್ಲ ಮಹಡಿಯ ಮೇಲೆ ಕೆನ್ನೆ ತಿರುಗಿಸಿ ಬಿಳಿ ಡಬ್ಬಿ ಮಾರುವುದು ಮಾತ್ರ ತಪ್ಪಲಿಲ್ಲ. ಅದನ್ನು ಬಿಟ್ಟಿದ್ದರೆ ಅವಳ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬಹುದಿತ್ತು. ಬಿಡಲಿಲ್ಲ.

ತಿಂಗಳುಗಳು ಉರುಳಿ ಮಗಳ ಮುಖ ತಣ್ಣಗಾಯಿತು. ಕೆಂಪು ಇಳಿಯಿತು, ಉರಿ ಹೋಯಿತು. ನಾಲ್ಕಾರು ಮೊಡವೆ ಉಳಿದಿದ್ದವು, ಆ ವಯಸ್ಸಿನ ಯಾವ ಮುಖದಲ್ಲೂ ಇರುವಂಥವು. ಒಂದು ಸಂಜೆ ಕನ್ನಡಿಯ ಮುಂದೆ ಕೂತಿದ್ದ ಮಗಳ ಹಿಂದೆ ತಾಯಿ ಬಂದು ನಿಂತಳು. ಗೆದ್ದೆ ಎಂದು ಅವಳ ಎದೆ ತುಂಬಿತ್ತು.

ಮಗಳು ತಿರುಗದೆ ಕೇಳಿದಳು, “ಇದು ನಿನ್ನ ಹತ್ತಿರ ಮೊದಲಿಂದಲೂ ಇತ್ತಲ್ವಾ?”

“ಹೂಂ.”

“ನಾನು ಮುಖ ಮುಚ್ಕೊಂಡು ಶಾಲೆಗೆ ಹೋಗ್ತಿದ್ದಾಗಲೂ? ಹಚ್ಚೋದನ್ನ ಕೊಡು ಅಂತ ಕೇಳಿದಾಗಲೂ?”

ಇರಲಿಲ್ಲ, ಇದು ಆ ಬಂಗಿನ ಡಾಕ್ಟರು ಕೊಟ್ಟದ್ದು ಎಂದರೆ ಮುಗಿಯಿತು. ಈ ಡಬ್ಬಿಯೂ ಚರಂಡಿಗೆ, ಮಗಳು ಮತ್ತೆ ಟೈಲರ್ ಆಂಟಿಯ ಮನೆಗೆ. ಇನ್ನೂ ಕೆಲವು ತಿಂಗಳು ಹಚ್ಚಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

“ಹೂಂ. ಇತ್ತು.”

ಮಗಳು ಈಗ ತಿರುಗಿ ನೋಡಿದಳು. ಅತ್ತಿದ್ದರೆ, ಕಿರುಚಿದ್ದರೆ ತಡೆದುಕೊಳ್ಳಬಹುದಿತ್ತು. ಕಾಲಿಗೆ ತಗುಲಿದ ಕೊಳೆ ನೋಡುವ ಹಾಗೆ ನೋಡಿದಳು.

“ನಿನ್ನಂಥ ತಾಯಿ ಯಾರಿಗೂ ಬೇಡ,” ಎಂದು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

“ಬಿಡದೆ ಹಚ್ಕೋ,” ಎಂದಳು ತಾಯಿ, ಮುಚ್ಚಿದ ಬಾಗಿಲಿಗೆ.